ಮಗುವಿನ ಎತ್ತರ ನಿಂತಂತಿದ್ದರೆ: ಎಲ್ಲಿಗೆ ಹೋಗಬೇಕು, ಏನು ಕೇಳಬೇಕು

"ಅವರಪ್ಪನೂ ಹೀಗೇ ಇದ್ದ, ಹತ್ತನೇ ಕ್ಲಾಸಿಗೆ ಬಂದಮೇಲೆ ಉದ್ದ ಆದ" ಅನ್ನುವ ಮಾತು ಎಷ್ಟೋ ಮನೆಗಳಲ್ಲಿ ನಿಜವೇ. ಆದರೆ ಬೆಳವಣಿಗೆ ಹಾರ್ಮೋನಿನ ಕೊರತೆಯಿರುವ ಮಗುವಿನ ಮೂರ್ನಾಲ್ಕು ವರ್ಷವನ್ನು ಇದೇ ಮಾತು ನುಂಗಿಬಿಡುತ್ತದೆ. ಎಲುಬಿನ ತುದಿಗಳು ಬೆಸೆದುಕೊಂಡ ಮೇಲೆ ಯಾವ ಇಂಜೆಕ್ಷನ್ನೂ ಎತ್ತರ ಕೊಡದು.

ಮೊದಲ ಕೆಲಸ ಅಳತೆ. ಬರಿಗಾಲಲ್ಲಿ, ಹಿಮ್ಮಡಿ ಗೋಡೆಗೆ ತಾಗುವಂತೆ ನಿಲ್ಲಿಸಿ, ತಲೆಯ ಮೇಲೆ ದಪ್ಪ ರಟ್ಟಿನ ಪುಸ್ತಕವಿಟ್ಟು ಗುರುತು ಹಾಕಿ. ಬೆಳಗ್ಗೆ ಅಳೆದರೆ ಪ್ರತಿಸಲವೂ ಬೆಳಗ್ಗೆಯೇ ಅಳೆಯಿರಿ. ಸಂಜೆಗೆ ಸುಮಾರು ಒಂದು ಸೆಂ.ಮೀ. ಕಡಿಮೆ ತೋರಬಹುದು. ಆರು ತಿಂಗಳಿಗೊಮ್ಮೆ ಸಾಕು. ನಾಲ್ಕು ವರ್ಷ ದಾಟಿದ ಮಗು, ಮೈನೆರೆಯುವ ಮೊದಲು, ವರ್ಷಕ್ಕೆ 5–6 ಸೆಂ.ಮೀ. ಬೆಳೆಯಬೇಕು. ನಾಲ್ಕಕ್ಕಿಂತ ಕಡಿಮೆಯಿದ್ದರೆ ಕಾಯುತ್ತ ಕೂರಬೇಡಿ. ತಂದೆ ತಾಯಿಯ ಎತ್ತರವನ್ನು ಸೆಂ.ಮೀ.ನಲ್ಲಿ ಕೂಡಿಸಿ, ಗಂಡುಮಗುವಾದರೆ 13 ಸೇರಿಸಿ, ಹೆಣ್ಣುಮಗುವಾದರೆ 13 ಕಳೆದು, ಎರಡರಿಂದ ಭಾಗಿಸಿ. ಮಗು ತಲುಪಬೇಕಾದ ಎತ್ತರದ ಅಂದಾಜು ಸಿಗುತ್ತದೆ. ತಾಯಿ ಕಾರ್ಡು, ಶಾಲೆಯ ಆರೋಗ್ಯ ತಪಾಸಣೆಯ ಚೀಟಿ, ಹಳೆಯ ಅಳತೆ ಏನೇ ಇರಲಿ, ಒಂದು ಫೈಲಿಗೆ ಸೇರಿಸಿ.

ಆ ಫೈಲು ಹಿಡಿದು ಮಕ್ಕಳ ಎಂಡೋಕ್ರೈನಾಲಜಿಸ್ಟ್ (ಹಾರ್ಮೋನ್ ತಜ್ಞ) ಬಳಿ ಹೋಗಿ. ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಸರ್ಕಾರಿ ಆಸ್ಪತ್ರೆ. ಥೈರಾಯ್ಡ್, ರಕ್ತಹೀನತೆ, ಸೀಲಿಯಾಕ್ (ಗೋಧಿ ಒಗ್ಗದ ಕರುಳಿನ ಕಾಯಿಲೆ), ಎಲುಬಿನ ವಯಸ್ಸು ನೋಡಲು ಎಡಗೈಯ ಎಕ್ಸ್‌ರೇ, ಐಜಿಎಫ್-1 (ಬೆಳವಣಿಗೆ ಹಾರ್ಮೋನಿನ ಪ್ರಭಾವದಿಂದ ಹುಟ್ಟುವ ರಕ್ತದ ಪ್ರೋಟೀನು), ಹುಡುಗಿಯಾದರೆ ಟರ್ನರ್ ಸಿಂಡ್ರೋಮ್‌ಗಾಗಿ (ಒಂದು ಎಕ್ಸ್ ಕ್ರೋಮೋಸೋಮ್ ಇಲ್ಲದ ಅಥವಾ ಅಪೂರ್ಣವಾದ ಸ್ಥಿತಿ) ಕ್ರೋಮೋಸೋಮ್ ಪರೀಕ್ಷೆ ಮೊದಲು ಆಗಬೇಕು. ಲ್ಯಾಬಿಗೆ ಹೋಗಿ ಒಂದೇ ಸಲ ಬೆಳವಣಿಗೆ ಹಾರ್ಮೋನ್ ಅಳೆಸುವುದು ದುಡ್ಡು ದಂಡ: ಈ ಹಾರ್ಮೋನು ಬಿಟ್ಟುಬಿಟ್ಟು ಸುರಿಯುತ್ತದೆ, ಹಗಲಲ್ಲಿ ಬಹುಪಾಲು ಹೊತ್ತು ಎಲ್ಲರಲ್ಲೂ ಕಡಿಮೆಯೇ. ಈ ಹಾರ್ಮೋನನ್ನು ಪ್ರಚೋದಿಸುವ ಕ್ಲೋನಿಡಿನ್ ಅಥವಾ ಗ್ಲುಕಗಾನ್ ಔಷಧಿ ಕೊಟ್ಟು, ಖಾಲಿ ಹೊಟ್ಟೆಯಲ್ಲಿ, ಹಲವು ಸಲ ರಕ್ತ ತೆಗೆದು ನೋಡಬೇಕು. ಕ್ಲೋನಿಡಿನ್‌ನಿಂದ ಬಿಪಿ ಇಳಿದು ಮಗು ತೂಕಡಿಸುತ್ತದೆ. ಆ ದಿನ ಪೂರ್ತಿ ರಜೆ ಹಾಕಿಕೊಳ್ಳಿ. ಕೊರತೆ ಖಚಿತವಾದರೆ, ಈ ಹಾರ್ಮೋನು ಸುರಿಸುವ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯ ಎಂಆರ್‌ಐ.

ಹಣದ ವಿಷಯ ಅನೇಕರಿಗೆ ಗೊತ್ತಿಲ್ಲ. 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಲ್ಲಿ, ಪರೀಕ್ಷೆಯಿಂದ ಸಾಬೀತಾದ ಈ ಕೊರತೆಗೂ ಟರ್ನರ್, ಪ್ರಾಡರ್-ವಿಲ್ಲಿ (ಹುಟ್ಟಿನಿಂದಲೇ ಬರುವ ವಂಶವಾಹಿ ಕಾಯಿಲೆ) ಸಿಂಡ್ರೋಮ್‌ಗಳಿಗೂ ಹಾರ್ಮೋನ್ ಚಿಕಿತ್ಸೆ ಸೇರಿದೆ. ನೆರವಿನ ಮಿತಿ 50 ಲಕ್ಷ ರೂಪಾಯಿ. ಅರ್ಜಿ ಗೊತ್ತುಪಡಿಸಿದ ಉತ್ಕೃಷ್ಟತಾ ಕೇಂದ್ರದ ಮೂಲಕವೇ ಹೋಗಬೇಕು. ಬೆಂಗಳೂರಿನಲ್ಲಿ ಅದು ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್, ಇಂದಿರಾ ಗಾಂಧಿ ಆಸ್ಪತ್ರೆಯ ಜೊತೆಗೂಡಿ. "ಸಾಬೀತಾದ" ಎಂಬ ಪದಕ್ಕಾಗಿಯೇ ಫೈಲು ಬೇಕು.

ಚಿಕಿತ್ಸೆ ಶುರುವಾದರೆ ದಿನಾ ರಾತ್ರಿ ಚರ್ಮದಡಿ ಸೂಜಿ, ಕೆ.ಜಿ.ಗೆ ದಿನಕ್ಕೆ ಸುಮಾರು 25–35 ಮೈಕ್ರೋಗ್ರಾಂ, ತೂಕ ಏರಿದಂತೆ ಡೋಸೂ ಬದಲಾಗುತ್ತದೆ. ಔಷಧಿ 2–8 ಡಿಗ್ರಿಯಲ್ಲಿರಲಿ, ಫ್ರೀಜರಿಗೆ ಹತ್ತಿರ ಬೇಡ. ಒಮ್ಮೆ ಹೆಪ್ಪುಗಟ್ಟಿದ್ದನ್ನು ಬಿಸಾಡಿ. ತೊಡೆ, ಹೊಟ್ಟೆ, ಪೃಷ್ಠ ಹೀಗೆ ಜಾಗ ಬದಲಿಸದಿದ್ದರೆ ಚರ್ಮ ಗಂಟುಗಟ್ಟುತ್ತದೆ. ಚಿಕಿತ್ಸೆಯಲ್ಲಿದ್ದೂ ಮಗು ಬೆಳೆಯದಿದ್ದರೆ, ತಪ್ಪಿದ ಸೂಜಿಗಳನ್ನೇ ಮೊದಲು ಎಣಿಸಿ. ತಲೆನೋವಿನ ಜೊತೆ ವಾಂತಿ, ದೃಷ್ಟಿ ಮಸುಕು, ಅಥವಾ ಮಗು ಕುಂಟತೊಡಗಿದರೆ ಅಂದೇ ವೈದ್ಯರಿಗೆ ಹೇಳಿ. ಕುಂಟುತ್ತಿದ್ದರೆ ಸೊಂಟದ ಕೀಲು ಜಾರಿರಬಹುದು.

ಓದಲು: ಭಾರತದ ಮಕ್ಕಳ ಎಂಡೋಕ್ರೈನ್ ತಜ್ಞರ ಸಂಘ ಇಸ್ಪೇಯ ವೆಬ್‌ಸೈಟ್, ಹೊರದೇಶದಲ್ಲಿರುವವರಿಗೆ ಅಮೆರಿಕದ ಮ್ಯಾಜಿಕ್ ಫೌಂಡೇಶನ್, ಬ್ರಿಟನ್ನಿನ ಚೈಲ್ಡ್ ಗ್ರೋತ್ ಫೌಂಡೇಶನ್. "ಮೂರೇ ತಿಂಗಳಲ್ಲಿ ಎತ್ತರ" ಎನ್ನುವ ಪುಡಿ ಡಬ್ಬಗಳ ಜಾಹೀರಾತಿನಲ್ಲಿ ಈ ಕಾಯಿಲೆಗೆ ಮದ್ದಿಲ್ಲ.