ಮುಂಬಯಿಯ ಪ್ರಚಾರ ಸಭೆಗೆ ಊರಿನಿಂದ ಭಾಷಣಕಾರರನ್ನು ಕರೆಸುವುದು: ನನ್ನ ಅನುಭವ

ಧಾರಾವಿಯಲ್ಲಿ ಚಪ್ಪಾಳೆ ಗಿಟ್ಟಿಸಿದ ಭಾಷಣಕಾರರು ಮುಲುಂಡಿನಲ್ಲಿ ಸಪ್ಪೆ ಎನಿಸಬಹುದು. ಧಾರಾವಿಯ ಕನ್ನಡಿಗರಲ್ಲಿ ಕಲಬುರಗಿ, ವಿಜಯಪುರ ಸೀಮೆಯಿಂದ ಬಂದ ಕುಟುಂಬಗಳು ಬಹಳ. ಅಲ್ಲಿಗೆ ಆ ಸೀಮೆಯ ಮಾತೇ ಬೇಕು. ಮುಲುಂಡ್, ಮೀರಾ ರೋಡ್ ಕಡೆಯ ಕರಾವಳಿ ಮಂದಿಗೆ ತುಳುವಿನಲ್ಲಿ ನಾಲ್ಕು ಮಾತಾಡಿ ಕನ್ನಡಕ್ಕೆ ಹೊರಳುವವರು, ತಾಳಮದ್ದಲೆಯ ಅರ್ಥಧಾರಿಗಳ ಹಾಗೆ ಮಾತಿಗೆ ಮಾತು ಪೋಣಿಸುವವರು ಹಿಡಿಸುತ್ತಾರೆ. ಹಾಗಾಗಿ ಅಭ್ಯರ್ಥಿಯ ಕಡೆಯವರು ‘ಯಾರಾದರೂ ಒಬ್ಬ ನಟರನ್ನು ಹಿಡಿಯಿರಿ’ ಎಂದಾಗ ನಾನು ಮೊದಲು ಕೇಳುವುದು ಮತದಾರರ ಪಟ್ಟಿ. ಸಭೆಯಲ್ಲಿ ಶಿಳ್ಳೆ ಹೊಡೆಯುವ ಹೋಟೆಲ್ ಹುಡುಗರ ಹೆಸರೆಲ್ಲ ಕುಂದಾಪುರ, ಬೈಂದೂರಿನ ಪಟ್ಟಿಯಲ್ಲಿದ್ದರೆ ಕೊಟ್ಟ ಸಂಭಾವನೆ ನೀರಿಗೆ ಹಾಕಿದಂತೆ.

ಸಿನಿಮಾ, ಧಾರಾವಾಹಿ ನಟರು ಜನ ಸೇರಿಸುತ್ತಾರೆ, ಆದರೆ ಜನ ಸೆಲ್ಫಿಗೆ ಬಂದಿರುತ್ತಾರೆ. ಕೊಟ್ಟ ದುಡ್ಡಿಗೆ ನ್ಯಾಯ ಸಿಗುವುದು ಹಾಸ್ಯ ಭಾಷಣಕಾರರಿಂದ ಎಂಬುದು ನನ್ನ ಲೆಕ್ಕ. ಇಪ್ಪತ್ತು ನಿಮಿಷ ಕುರ್ಚಿಯಿಂದ ಯಾರೂ ಏಳುವುದಿಲ್ಲ. ಸರ್ಕಾರಿ ನೌಕರಿಯಲ್ಲಿರುವ ಅಧ್ಯಾಪಕರನ್ನು ಎಷ್ಟೇ ಚೆನ್ನಾಗಿ ಮಾತಾಡಿದರೂ ಕರೆಯುವ ಹಾಗಿಲ್ಲ. ಅವರ ಸೇವಾ ನಿಯಮಕ್ಕೇ ಅದು ವಿರುದ್ಧ. ನಿವೃತ್ತರಾದರೆ ಅಡ್ಡಿಯಿಲ್ಲ.

ಮಾತು ಕುದುರಿದ ದಿನವೇ ಒಂದು ಪುಟದ ಕರಾರು ಬರೆಯಿಸುತ್ತೇನೆ. ದಿನಾಂಕ, ಜಾಗ, ಎಷ್ಟು ನಿಮಿಷ, ಯಾವ ಭಾಷೆ, ಸಂಭಾವನೆ ಎಷ್ಟು, ಪ್ರಯಾಣ ಮತ್ತು ವಸತಿ ಯಾರದ್ದು, ಜೊತೆಗೆ ಬರುವವರು ಎಷ್ಟು ಜನ, ಬ್ಯಾನರಿನಲ್ಲಿ ಫೋಟೊ ಹಾಕಬಹುದೇ, ಸಭೆ ರದ್ದಾದರೆ ಮುಂಗಡ ಏನಾಗುತ್ತದೆ. ಜಗಳ ಹೆಚ್ಚಾಗಿ ಏಳುವುದು ಎರಡು ಕಡೆ. ಮೊದಲನೆಯದು ಟಿಡಿಎಸ್, ಅಂದರೆ ಹಣ ಕೊಡುವಾಗಲೇ ಹಿಡಿಯುವ ಆದಾಯ ತೆರಿಗೆ: ಪಕ್ಷದ ಖಾತೆಯಿಂದ ಹಣ ಹೋಗುವುದಾದರೆ ವೃತ್ತಿಪರ ಶುಲ್ಕಕ್ಕೆ ಶೇ 10ರಷ್ಟು ಕಡಿತವಾಗುತ್ತದೆ, ಭಾಷಣಕಾರರು ಹೇಳಿದ ಮೊತ್ತ ಮಾತ್ರ ಯಾವಾಗಲೂ ‘ಕೈಗೆ ಸಿಗುವುದು’. ಕಡಿತಕ್ಕೆ ಮುಂಚಿನದ್ದೋ ನಂತರದ್ದೋ ಎಂದು ಅಂಕಿಯ ಪಕ್ಕದಲ್ಲೇ ಬರೆಯಬೇಕು. ಎರಡನೆಯದು ಪರಿವಾರ: ಒಬ್ಬರಿಗೆ ಟಿಕೆಟ್ ತೆಗೆದಿರುತ್ತೀರಿ, ಬಂದಿಳಿಯುವವರು ನಾಲ್ವರು.

ಕವರಿನಲ್ಲಿ ನಗದು ಕೊಡುವ ಪದ್ಧತಿ ಇನ್ನೂ ಹೋಗಿಲ್ಲ. ನಾನು ಒಪ್ಪುವುದಿಲ್ಲ. ಅಭ್ಯರ್ಥಿ ಚುನಾವಣೆಗೆಂದೇ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆಯಬೇಕು, ಅದೂ ನಾಮಪತ್ರ ಸಲ್ಲಿಸುವ ಕನಿಷ್ಠ ಒಂದು ದಿನ ಮೊದಲು. ಆ ಚುನಾವಣೆಯುದ್ದಕ್ಕೂ ಒಬ್ಬ ವ್ಯಕ್ತಿಗೆ ನಗದಾಗಿ ಕೊಡಬಹುದಾದದ್ದು ಒಟ್ಟು 10,000 ರೂಪಾಯಿ. ಮೊದಲು 20,000 ಇತ್ತು, 2018ರ ನವೆಂಬರಿನಲ್ಲಿ ಚುನಾವಣಾ ಆಯೋಗ ಇಳಿಸಿತು. ಮ್ಯಾನೇಜರ್, ಮೇಕಪ್‌ನವರು, ಚಾಲಕ ಎಂದು ಸಂಭಾವನೆಯನ್ನು ಹೋಳು ಮಾಡಿ ಹಂಚುವ ಜಾಣತನ ಬೇಡ, ರಸೀದಿಗಳನ್ನು ಒಟ್ಟಿಗಿಟ್ಟರೆ ಸಾಕು, ಬಯಲಾಗುತ್ತದೆ.

ಇನ್ನು ಖರ್ಚು ಯಾರ ತಲೆಗೆ ಎಂಬುದು. 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 77ನೇ ಕಲಂ ಪ್ರಕಾರ ತಾರಾ ಪ್ರಚಾರಕರ (ಪಕ್ಷ ಆಯೋಗಕ್ಕೆ ಹೆಸರು ಕೊಟ್ಟ ಪ್ರಚಾರಕರ) ಪ್ರಯಾಣದ ಖರ್ಚು ಮಾತ್ರ ಅಭ್ಯರ್ಥಿಯ ಲೆಕ್ಕಕ್ಕೆ ಬರುವುದಿಲ್ಲ. ಮಾನ್ಯತೆ ಪಡೆದ ಪಕ್ಷಕ್ಕೆ 40 ಹೆಸರು, ಮಾನ್ಯತೆಯಿಲ್ಲದ ನೋಂದಾಯಿತ ಪಕ್ಷಕ್ಕೆ 20. ಅಧಿಸೂಚನೆ ಹೊರಟ ಏಳು ದಿನದೊಳಗೆ ಪಟ್ಟಿ ಆಯೋಗಕ್ಕೆ ತಲುಪಬೇಕು. ಕಾಯ್ದೆ ಹೇಳುವುದು ‘ಪಕ್ಷದ ನಾಯಕರು’ ಎಂದು. ಒಂದು ಸಂಜೆಗೆ ಹಣ ಪಡೆದು ಬರುವವರಿಗೆ ಆ ವಿನಾಯಿತಿ ಇಲ್ಲ. ಅವರ ವಿಮಾನ, ಹೋಟೆಲ್, ಊಟ, ಸಂಭಾವನೆ ಎಲ್ಲವನ್ನೂ ಅಭ್ಯರ್ಥಿಯ ಖರ್ಚಿನ ಪುಸ್ತಕದಲ್ಲೇ ಬರೆಯುತ್ತೇನೆ. ಮಹಾರಾಷ್ಟ್ರದಲ್ಲಿ ವಿಧಾನಸಭೆಗೆ ಮಿತಿ 40 ಲಕ್ಷ, ಲೋಕಸಭೆಗೆ 95 ಲಕ್ಷ. ಪಾಲಿಕೆ ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗ, ಅಲ್ಲಿಯ ಆದೇಶಗಳೇ ಬೇರೆ. ಹಳೆಯ ಕಡತ ನೋಡಿ ಕೆಲಸಕ್ಕೆ ಇಳಿಯಬೇಡಿ.

ವೇದಿಕೆಯ ಲೆಕ್ಕವೂ ಇದೆ. ತಾರಾ ಪ್ರಚಾರಕರ ಸಭೆಯಲ್ಲಿ ಅಭ್ಯರ್ಥಿ ವೇದಿಕೆ ಹತ್ತಿದರೆ, ಅಥವಾ ಅವರ ಹೆಸರು, ಫೋಟೊ ಇರುವ ಬ್ಯಾನರ್ ಅಲ್ಲಿದ್ದರೆ, ಪ್ರಯಾಣ ಬಿಟ್ಟು ಸಭೆಯ ಖರ್ಚು ಅವರ ಹೆಸರಿಗೆ. ಮೂವರು ಅಭ್ಯರ್ಥಿಗಳಿದ್ದರೆ ಮೂರು ಸಮಪಾಲು. ತಾರಾ ಪ್ರಚಾರಕರ ವಾಹನದಲ್ಲಿ ಅಭ್ಯರ್ಥಿ ಹತ್ತಿ ಕೂತರೆ ಪ್ರಯಾಣದ ಅರ್ಧವೂ ಬರುತ್ತದೆ. ‘ಒಟ್ಟಿಗೇ ಹೋಗೋಣ ಬನ್ನಿ ಸಾರ್’ ಎಂದು ಕರೆಯುವವರನ್ನು ತಡೆಯುವುದೂ ನಮ್ಮ ಕೆಲಸವೇ.

ಕುರ್ಚಿ, ಮಂಡಪ, ಮೈಕು, ಚಹಾಕ್ಕೆಲ್ಲ ಜಿಲ್ಲಾ ಚುನಾವಣಾಧಿಕಾರಿಯ ದರಪಟ್ಟಿ ಇರುತ್ತದೆ. ಹೆಸರುವಾಸಿ ನಟರಿಗೆ ಒಂದೇ ದರ ಹಾಕಲು ಬರುವುದಿಲ್ಲವಾದ್ದರಿಂದ ಅಲ್ಲಿ ಕರಾರು ಮತ್ತು ಬ್ಯಾಂಕ್ ದಾಖಲೆಯೇ ಆಧಾರ. ಪ್ರಚಾರದ ಅವಧಿಯಲ್ಲಿ ಕನಿಷ್ಠ ಮೂರು ಸಲ ಪುಸ್ತಕ ತಪಾಸಣೆಗೆ ಹೋಗುತ್ತದೆ. ಆಯೋಗದ ವಿಡಿಯೊ ತಂಡ ಚಿತ್ರೀಕರಿಸಿದ್ದನ್ನು ನೋಡಿ ಅವರೂ ಒಂದು ನೆರಳು ಪುಸ್ತಕ ಬರೆದಿರುತ್ತಾರೆ, ಎರಡೂ ತಾಳೆಯಾಗಬೇಕು.

ಊರಿನ ಅಭಿಮಾನಿಯೊಬ್ಬರು ‘ನಟರ ಖರ್ಚು ನನ್ನದು’ ಎಂದು ಎದ್ದು ನಿಲ್ಲುವುದು ನಮ್ಮ ಸಂಘಗಳಲ್ಲಿ ಮಾಮೂಲು. ಅಭ್ಯರ್ಥಿಯ ಲಿಖಿತ ಅನುಮತಿ ಇಲ್ಲದೆ ಹಾಗೆ ಖರ್ಚು ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 176ನೇ ಕಲಂನಲ್ಲಿ 10,000 ರೂಪಾಯಿವರೆಗೆ ದಂಡ. ಹತ್ತು ರೂಪಾಯಿ ಮೀರದ ಖರ್ಚಾದರೆ ಹತ್ತು ದಿನದೊಳಗೆ ಒಪ್ಪಿಗೆ ಪಡೆಯಬಹುದಂತೆ. ಒಂದು ಕಟಿಂಗ್ (ಅರ್ಧ ಲೋಟ) ಚಹಾದ ಔದಾರ್ಯ. ಪತ್ರ ಬರೆಸಿಕೊಳ್ಳಿ, ಮೊತ್ತವನ್ನು ಪುಸ್ತಕಕ್ಕೂ ಏರಿಸಿ.

ಹಣದ ತಪ್ಪನ್ನಾದರೂ ವಿವರಣೆ ಕೊಟ್ಟು ಸುಧಾರಿಸಬಹುದು, ಬಾಯಿಂದ ಬಂದದ್ದನ್ನು ಸುಧಾರಿಸುವುದು ಕಷ್ಟ. ಕನ್ನಡ ಸಭೆಗೆ ಕರೆಸುವವರಿಗೆ ಇದು ಎಲ್ಲಕ್ಕಿಂತ ಮುಖ್ಯ. ಪ್ರಜಾಪ್ರಾತಿನಿಧ್ಯ ಕಾಯ್ದೆಯ 123(3)ನೇ ಕಲಂ ಧರ್ಮ, ಜನಾಂಗ, ಜಾತಿ, ಸಮುದಾಯ ಅಥವಾ ಭಾಷೆಯ ಆಧಾರದಲ್ಲಿ ಮತ ಕೇಳುವುದನ್ನು ಭ್ರಷ್ಟ ಆಚರಣೆ ಎನ್ನುತ್ತದೆ. ಅಭ್ಯರ್ಥಿಯ ಭಾಷೆ ಮಾತ್ರವಲ್ಲ, ಮತದಾರರ ಭಾಷೆಯೂ ಇದರಲ್ಲಿ ಸೇರುತ್ತದೆಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 2017ರ ಜನವರಿ 2ರಂದು 4–3 ಬಹುಮತದಿಂದ ಹೇಳಿತು. ಆ ಪ್ರಕರಣ ಹುಟ್ಟಿದ್ದು ನಮ್ಮ ಸಾಂತಾಕ್ರೂಜ್ ಕ್ಷೇತ್ರದ 1990ರ ಚುನಾವಣೆಯಿಂದ. ಬೆಂಗಳೂರಿನಿಂದ ಬಂದವರಿಗೆ ಇದು ಗೊತ್ತಿರುವುದಿಲ್ಲ. ಮೈಕು ಹಿಡಿದೊಡನೆ ‘ಕನ್ನಡಿಗರೆಲ್ಲ ಒಂದಾಗಿ ಕನ್ನಡಿಗನಿಗೇ ಮತ ಹಾಕಿ’ ಎನ್ನುತ್ತಾರೆ. ಕಾಯ್ದೆಯಲ್ಲಿ ಅಭ್ಯರ್ಥಿಯ ಒಪ್ಪಿಗೆಯಿಂದ ಬೇರೆಯವರು ಆಡಿದ ಮಾತೂ ಸೇರಿದೆ. ಕರಾರು ಬರೆದು, ಸಂಭಾವನೆ ಕೊಟ್ಟು, ಪಕ್ಕದಲ್ಲೇ ಕೂರಿಸಿಕೊಂಡ ಮೇಲೆ ಒಪ್ಪಿಗೆ ಇರಲಿಲ್ಲ ಎನ್ನಲು ಬಾಯಿ ಎಲ್ಲಿದೆ? ಆಯ್ಕೆಯೇ ಅಸಿಂಧುವಾಗಬಹುದು, ಆರು ವರ್ಷದವರೆಗೆ ಅನರ್ಹತೆಯೂ ಬರಬಹುದು.

ಹಾಗಾದರೆ ಏನು ಮಾತಾಡಬೇಕು? ಪಾಲಿಕೆಯ ಕನ್ನಡ ಶಾಲೆಯಲ್ಲಿ ಶಿಕ್ಷಕರಿಲ್ಲ, ಚಾಳ್‌ಗೆ (ವಠಾರಕ್ಕೆ) ನೀರಿಲ್ಲ, ಪುನರ್ವಸತಿ ಮನೆ ಸಿಕ್ಕಿಲ್ಲ ಎಂದು ಮಾತಾಡಲಿ. ಸಮಸ್ಯೆಯನ್ನು ಕನ್ನಡದಲ್ಲಿ ಹೇಳುವುದಕ್ಕೂ ಕನ್ನಡದ ಹೆಸರಿನಲ್ಲಿ ಮತ ಕೇಳುವುದಕ್ಕೂ ಇರುವ ಅಂತರವನ್ನು ಹಿಂದಿನ ದಿನ ಫೋನಿನಲ್ಲಿ, ವೇದಿಕೆ ಹತ್ತುವ ಮುಂಚೆ ಮತ್ತೊಮ್ಮೆ ತಿಳಿಸುತ್ತೇನೆ. ಬೆಳಗಾವಿ ಗಡಿಯ ವಿಷಯ ಪೂರ್ತಿ ನಿಷಿದ್ಧ. ಒಂದು ವಾಕ್ಯ ಹೊರಬಿದ್ದರೆ ಮರುದಿನದ ಮರಾಠಿ ಪತ್ರಿಕೆಗಳಿಗೆ ಅಭ್ಯರ್ಥಿ ಉತ್ತರ ಕೊಡುತ್ತ ಕೂರಬೇಕು. ಹಳದಿ-ಕೆಂಪು ಶಾಲು ಕೂಡ ಬೇಡ.

ಕೈಗೊಂದು ಚೀಟಿ, ದೊಡ್ಡ ಅಕ್ಷರದಲ್ಲಿ: ಅಭ್ಯರ್ಥಿಯ ಹೆಸರು, ಕ್ಷೇತ್ರ, ಚಿಹ್ನೆ, ಮತಯಂತ್ರದಲ್ಲಿ ಕ್ರಮಸಂಖ್ಯೆ, ಮತದಾನದ ದಿನ, ಮೂರೇ ವಿಷಯ. ಚಿಹ್ನೆಯ ಚಿತ್ರವನ್ನೂ ಅಂಟಿಸಬೇಕು. ಶಿವಸೇನೆ ಬಿಲ್ಲುಬಾಣ, ಉದ್ಧವ್ ಬಣ ಮಶಾಲು (ಪಂಜು), ರಾಷ್ಟ್ರವಾದಿ ಕಾಂಗ್ರೆಸ್ಸಿಗೆ ಗಡಿಯಾರ, ಅದರ ಶರದ್ ಪವಾರ್ ಬಣಕ್ಕೆ ತುತಾರಿ (ಕಹಳೆ) ಊದುವ ಮನುಷ್ಯ: ಹೊರಗಿನವರ ನಾಲಿಗೆ ತಪ್ಪುವುದು ಇಲ್ಲೇ.

ಸಭೆಯ ಪರವಾನಗಿಗೆ ಆಯೋಗದ ಸುವಿಧಾ ಪೋರ್ಟಲಿನಲ್ಲಿ ಕನಿಷ್ಠ 48 ಗಂಟೆ ಮುಂಚೆ ಅರ್ಜಿ ಹಾಕಬೇಕು. ಜನ ಲೋಕಲ್ ರೈಲಿನಿಂದ ಇಳಿದು ಮನೆ ಮುಟ್ಟಿ ಬರುವ ಹೊತ್ತಿಗೆ ಏಳೂವರೆ. ರಾತ್ರಿ 10ಕ್ಕೆ ಧ್ವನಿವರ್ಧಕ ಬಂದ್. ಉಳಿಯುವ ಎರಡೂವರೆ ಗಂಟೆಯಲ್ಲಿ ಅತಿಥಿಯನ್ನು ಒಂಬತ್ತಕ್ಕಿಂತ ಮೊದಲೇ ಮಾತಿಗೆ ಏಳಿಸಬೇಕು. ಅಭ್ಯರ್ಥಿ ಅವರಿಗಿಂತ ಮೊದಲು ಮಾತಾಡಿ ಮುಗಿಸಲಿ. ನಟರು ಇಳಿದ ಮೇಲೆ ಮೈದಾನ ಖಾಲಿ. ಒಂದೇ ಸಂಜೆ ಎರಡು ಸಭೆ ಮಾಡಿಸುವುದಾದರೆ ಧಾರಾವಿ–ಘಾಟ್‌ಕೋಪರ್ ಆಗಬಹುದು, ಮೀರಾ ರೋಡ್–ಡೊಂಬಿವಲಿ ಎಂದರೆ ಒಂದು ಸಭೆ ಹೋಯಿತೆಂದೇ ತಿಳಿಯಿರಿ. ಮಂಗಳೂರಿನವರನ್ನು ಮತ್ಸ್ಯಗಂಧ ರೈಲಿನಲ್ಲಿ ಕರೆಸಿದರೆ ಬೆಳಿಗ್ಗೆ ಎಲ್‌ಟಿಟಿಯಲ್ಲಿ (ಲೋಕಮಾನ್ಯ ತಿಲಕ್ ಟರ್ಮಿನಸ್) ಇಳಿದು ಸಂಜೆಯವರೆಗೆ ಮಲಗಿ ಏಳಬಹುದು. ವಿಮಾನಕ್ಕಿಂತ ನನಗೆ ಅದೇ ಭರವಸೆ.

ಪೂರ್ತಿ ಭಾಷಣವನ್ನು ನಮ್ಮದೇ ಫೋನಿನಲ್ಲಿ ಒಂದೇ ಓಟಕ್ಕೆ ರೆಕಾರ್ಡ್ ಮಾಡಿಸುತ್ತೇನೆ, ರಾತ್ರಿಯೇ ಅರ್ಧ ಪುಟದ ಮರಾಠಿ ಸಾರಾಂಶ ಬರೆಸುತ್ತೇನೆ. ಕತ್ತರಿಸಿದ ತುಣುಕು ಹಿಡಿದು ದೂರು ಬಂದರೆ, ಕನ್ನಡ ಬಾರದ ಅಧಿಕಾರಿಗೆ ಬೇಕಾಗುವುದು ಇವೆರಡೇ. ಖರ್ಚಿನ ಲೆಕ್ಕ ಒಪ್ಪಿಸಲು ಫಲಿತಾಂಶದಿಂದ 30 ದಿನ, ಆಯ್ಕೆಯನ್ನು ಕೋರ್ಟಿನಲ್ಲಿ ಪ್ರಶ್ನಿಸುವ ಚುನಾವಣಾ ಅರ್ಜಿಗೆ 45 ದಿನ ಅವಕಾಶವಿರುವುದರಿಂದ ಅಷ್ಟು ದಿನವಾದರೂ ರೆಕಾರ್ಡಿಂಗ್ ಅಳಿಸಬಾರದು. ಸಹಿ ಹಾಕಿದ ರಸೀದಿಯನ್ನು ಮಾತ್ರ ಅತಿಥಿ ಕಾರು ಹತ್ತುವ ಮೊದಲೇ ತೆಗೆದುಕೊಳ್ಳಿ. ಊರು ಮುಟ್ಟಿದ ಮೇಲೆ ಫೋನ್ ಎತ್ತುವವರು ಕಡಿಮೆ.