ಶಾಕ್ ಜೊತೆ ಬೋಲ್ಟನ್ನೂ ಬಿಚ್ಚಿ ನೋಡಿ

ಕುಂಬಳೆಯಲ್ಲಿ ನಮ್ಮದೊಂದು ಗೋಳಿಬಜೆ ವ್ಯಾನ್ ಇದೆ. ಅದರ ಪಕ್ಕದ ಮುಚ್ಚಳ ಮೇಲಕ್ಕೆತ್ತಿದರೆ ಅದೇ ಗಿರಾಕಿಗಳಿಗೆ ಸೂರು. ಎತ್ತಿ ಹಿಡಿಯುವುದು ಎರಡು ಗ್ಯಾಸ್ ಶಾಕ್, ಅಂದರೆ ಒತ್ತಿ ತುಂಬಿದ ಗ್ಯಾಸ್ ರಾಡನ್ನು ಹೊರಗೆ ತಳ್ಳುವ ಕೊಳವೆಗಳು. ಆಟಿ ತಿಂಗಳ (ಜುಲೈ-ಆಗಸ್ಟ್) ಒಂದು ಸಂಜೆ ಮುಚ್ಚಳ ತನ್ನಷ್ಟಕ್ಕೇ ಇಳಿಯತೊಡಗಿತು. ಕೆಳಗೆ ಶಾಲೆ ಮಕ್ಕಳಿಬ್ಬರು ಬಜೆಗೆ ಕಾಯುತ್ತಿದ್ದರು. ಓಡಿ ಬಂದು ಕೈ ಕೊಟ್ಟೆ. ಆ ರಾತ್ರಿ ನಿದ್ದೆ ಬರಲಿಲ್ಲ.

ಬೆಳಿಗ್ಗೆ ಟಾರ್ಚ್ ಹಿಡಿದು ನೋಡಿದೆ. ಎಡಗಡೆ ಶಾಕ್‌ನಲ್ಲಿ ರಾಡ್ ಒಳಹೋಗುವ ಬಾಯಿಗೆ ಎಣ್ಣೆ ಒಸರಿ, ಧೂಳು ಮೆತ್ತಿ, ಕಪ್ಪು ಬಳೆ ಕಟ್ಟಿತ್ತು. ಆ ಬಾಯಿಯ ರಬ್ಬರ್ ಸೀಲ್ ಹೋದರೆ ಒಳಗಿನ ನೈಟ್ರೋಜನ್ ಗ್ಯಾಸ್ ನಿಲ್ಲುವುದಿಲ್ಲ. ಹೋದದ್ದು ಒಂದೇ ಆದರೂ ಎರಡನ್ನೂ ಬದಲಿಸಬೇಕು, ಇಲ್ಲದಿದ್ದರೆ ಮುಚ್ಚಳ ತಿರುಚುತ್ತದೆ.

ಹಳೆಯದರ ಮೇಲೆ 400 ಎನ್ (ನ್ಯೂಟನ್) ಅಂತ ಮಸುಕಾಗಿ ಕಾಣುತ್ತಿತ್ತು. ಅಂದರೆ ಸುಮಾರು 40 ಕಿಲೋ ತೂಕದಷ್ಟು ಬಲ. ಅಂಗಡಿಯಲ್ಲಿ 600 ಹಾಕಿ, ಗಟ್ಟಿ ಅಂದರು. ನಾನು ಒಪ್ಪಲಿಲ್ಲ. ಬಲ ಜಾಸ್ತಿಯಾದರೆ ಮುಚ್ಚುವುದೇ ಕಷ್ಟ, ತಗಡೂ ಬಾಗುತ್ತದೆ. ಉದ್ದ ಅಳೆದದ್ದು ರಾಡ್ ಪೂರ್ತಿ ಹೊರಗಿರುವಾಗ, ಎರಡು ತುದಿಯ ತೂತುಗಳ ನಡುವಿನಿಂದ ನಡುವಿಗೆ.

ಬಿಚ್ಚುವ ಮೊದಲು ಮುಚ್ಚಳಕ್ಕೆ ಅಡಿಕೆ ಮರದ ತುಂಡು ಊರಿದೆ. "ಭಾವ, ಒಂದು ಸಾಲದು, ಆಚೆ ಬದಿಗೂ ಇರಲಿ" ಅಂದ ಹೆಂಡತಿಯ ತಮ್ಮ. ಅವನು ಹೇಳಿದ್ದು ಸರಿ.

ಶಾಕ್ ಹಿಡಿದಿದ್ದ ಬೋಲ್ಟ್ ಜಪ್ಪಯ್ಯ ಅಂದರೂ ಅಲುಗಲಿಲ್ಲ. ತುಕ್ಕು ಬಿಡಿಸುವ ಎಣ್ಣೆ ಹೊಡೆದು ರಾತ್ರಿಯಿಡೀ ಬಿಟ್ಟೆ. ಮರುದಿನ ಮೊದಲು ಸ್ವಲ್ಪ ಬಿಗಿ ಮಾಡಿದೆ, ಟಕ್ ಅಂತ ಸದ್ದಾಯಿತು, ಆಮೇಲೆ ತಿರುಗಿತು. ಹೊರಗೆ ತೆಗೆದಾಗ ಎದೆ ಧಸಕ್ಕೆಂದಿತು. ತಲೆಯ ಪೇಂಟ್ ಹಾಗೇ ಇದೆ, ತಗಡಿನೊಳಗೆ ಕೂತಿದ್ದ ಕುತ್ತಿಗೆ ಮಾತ್ರ ಅರ್ಧಕ್ಕರ್ಧ ತಿಂದು ಹೋಗಿದೆ. ಕಡಲ ಗಾಳಿ, ಮಳೆ ನೀರು, ಎರಡೂ ಅಲ್ಲೇ ನಿಲ್ಲುತ್ತವಲ್ವಾ? ಸುಮ್ನೆ ಶಾಕ್ ಮಾತ್ರ ಬದಲಿಸಿದ್ದರೆ ಹೊಸ ಶಾಕ್‌ನ ಬಲಕ್ಕೆ ಅದು ಯಾವತ್ತಾದರೂ ತುಂಡಾಗಬಹುದಿತ್ತು.

ನಾಲ್ಕೂ ಕಡೆ 8 ಎಂಎಂ, 8.8 ಗುರುತಿನ (ಅದು ಬೋಲ್ಟಿನ ಗಟ್ಟಿತನದ ದರ್ಜೆ) ಸತು ಲೇಪದ ಹೊಸ ಬೋಲ್ಟ್ ಹಾಕಿದೆ. ತಗಡು ತೆಳು, ಹಾಗಾಗಿ ಹಿಂದೆ 3 ಎಂಎಂ ಕಬ್ಬಿಣದ ಪಟ್ಟಿ ಕೊಟ್ಟು ನೈಲಾಕ್ ನಟ್, ಅಂದರೆ ಸಡಿಲವಾಗದಂತೆ ಒಳಗೆ ನೈಲಾನ್ ಬಳೆ ಇರುವ ನಟ್, ಬಿಗಿದೆ. ಮುಚ್ಚಿದಾಗ ರಾಡ್ ಕೆಳಮುಖವಾಗಿರುವಂತೆ ಶಾಕ್ ಕೂರಿಸಿದೆ. ಹಾಗಿದ್ದರೆ ಒಳಗಿನ ಎಣ್ಣೆ ಸೀಲ್ ಮೇಲೇ ನಿಂತು ಅದು ಒಣಗುವುದಿಲ್ಲ. ರಾಡ್‌ಗೆ ಪಕ್ಕಡ್ (ಇಕ್ಕಳ) ತಾಗಿಸಲೇ ಇಲ್ಲ, ಒಂದು ಗೀರು ಬಿದ್ದರೂ ಸೀಲ್ ಹರಿಯುತ್ತದೆ.

ಬಲಗಡೆಯ ಹಳೆ ಶಾಕ್‌ನಲ್ಲಿ ಇನ್ನೂ ಗ್ಯಾಸ್ ಇತ್ತು. ಕತ್ತರಿಸಬೇಡಿ, ಬೆಂಕಿಗೆ ಹಾಕಬೇಡಿ ಅಂತ ಎರಡೆರಡು ಸಲ ಹೇಳಿಯೇ ಗುಜರಿಯವರ ಕೈಗೆ ಕೊಟ್ಟೆ.