ಮುಂದಿನ ಚಕ್ರಕ್ಕೂ ಬಾಗಿಲಿಗೂ ನಡುವಿನ ಒಂದು ಗೇಣು: ಡಾಡ್ಜ್ ಚಾರ್ಜರ್ ಕಾರಿನ ಜೊತೆ ನನ್ನ ಅನುಭವ

ಬಂಪರ್ ಬಿಚ್ಚಿ ಗ್ಯಾರೇಜಿನಲ್ಲಿ ಹಳೇ ಕಂಬಳಿಯ ಮೇಲೆ ಇಟ್ಟು, ಎರಡು ಹೆಜ್ಜೆ ಹಿಂದೆ ಹೋಗಿ ಕಾರನ್ನು ನೋಡಿದೆ. ಗ್ರಿಲ್ ಇಲ್ಲ, ದೀಪ ಇಲ್ಲ, ಡಾಡ್ಜ್ ಗುರುತೂ ಇಲ್ಲ. ಆದರೂ ರಸ್ತೆಯಲ್ಲಿ ಹೋಗುವ ಯಾರಾದರೂ ಅದು ಚಾರ್ಜರ್ ಅಂತ ಹೇಳಿಬಿಡುತ್ತಿದ್ದರು. ಹಾಗಾದರೆ ನಾನು ಬದಲಿಸಲು ಹೊರಟಿರುವುದು ಏನನ್ನು ಅನ್ನುವ ಪ್ರಶ್ನೆ ಅವತ್ತು ತಲೆಗೆ ಹೊಕ್ಕಿತು.

ನನ್ನದು 2008ರ ಕಾರು. ಬೆಳ್ಳಿ ಬಣ್ಣ, 3.5 ಲೀಟರ್ ವಿ6 ಎಂಜಿನ್, 250 ಅಶ್ವಶಕ್ತಿ. ಅಮೆರಿಕದ ಮಿಷಿಗನ್‌ಗೆ ಬಂದ ನಾಲ್ಕನೇ ವರ್ಷ ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡೆ. ಕನ್ನಡ ಕೂಟದ ಗೆಳೆಯರು ಜಪಾನಿ ಕಾರು ತಗೋ, ತಲೆನೋವಿಲ್ಲ ಅಂದರು. ಅವರ ಮಾತು ತಪ್ಪಲ್ಲ. ಆದರೆ ಹಾಸನದಲ್ಲಿ ನಮ್ಮ ಮನೆ ಎದುರಿನ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಅಂಬಾಸಿಡರ್‌ಗಳನ್ನು ನೋಡಿಕೊಂಡು ಬೆಳೆದವನು ನಾನು. ಹಿಂದಿನ ಚಕ್ರ ತಳ್ಳುವ ದೊಡ್ಡ ಕಾರು ಅಂದರೆ ನನಗೆ ಆಗಲೂ ಆಸೆ, ಈಗಲೂ ಆಸೆ. ಆ ಅಂಬಾಸಿಡರ್ ಕೂಡ ಮಾರ್ಕ್ 2, ಮಾರ್ಕ್ 3, ಮಾರ್ಕ್ 4 ಅಂತ ಹೆಸರು ಬದಲಿಸುತ್ತಾ ಹೋಯಿತು. ನಮ್ಮ ಕಣ್ಣಿಗೆ ಬದಲಾಗಿದ್ದು ಮಾತ್ರ ಮುಖ್ಯವಾಗಿ ಗ್ರಿಲ್ಲು.

ಚಾರ್ಜರ್ ಕತೆ ಅದಕ್ಕಿಂತ ಜಗಳದ್ದು. 1966ರಲ್ಲಿ ಬಂದ ಮೊದಲ ಚಾರ್ಜರ್ ಎರಡು ಬಾಗಿಲಿನ ಕಾರು. 1968ರಿಂದ 1970ರವರೆಗಿನ ಮಾದರಿಯಂತೂ ಇಲ್ಲಿನವರಿಗೆ ದೇವರ ಸಮಾನ: ಸೊಂಟ ಸಣ್ಣಗೆ ಮಾಡಿದಂಥ ಮೈ, ಗ್ರಿಲ್ ಹಿಂದೆ ಅಡಗಿದ ದೀಪಗಳು, ಬಾಗಿಲಿನ ಮೇಲೆ ಒಳಕ್ಕೆ ಒತ್ತಿದ ಗೀರುಗಳು. ಅದೇ ಹೆಸರನ್ನು 2006ರ ಮಾದರಿಯಲ್ಲಿ ನಾಲ್ಕು ಬಾಗಿಲಿನ ಸೆಡಾನ್‌ಗೆ ಇಟ್ಟಾಗ ಹಳೇ ಅಭಿಮಾನಿಗಳು ಸಿಟ್ಟಾದರು. ಆ ಸಿಟ್ಟು ನನಗೆ ಅರ್ಥವಾಗುತ್ತದೆ, ಆದರೆ ಒಪ್ಪುವುದಿಲ್ಲ. ಡಾಡ್ಜ್‌ನ ಒಡೆಯ ಕಂಪನಿ ಕ್ರೈಸ್ಲರ್ ಅದಕ್ಕೂ ಮುಂಚೆ ಹತ್ತು ಹದಿನೈದು ವರ್ಷ ದೊಡ್ಡ ಸೆಡಾನ್‌ಗಳನ್ನೆಲ್ಲ ಫ್ರಂಟ್ ವೀಲ್ ಡ್ರೈವ್‌ನಲ್ಲೇ, ಅಂದರೆ ಮುಂದಿನ ಚಕ್ರ ಎಳೆಯುವ ಹಾಗೆಯೇ, ಮಾಡುತ್ತಿತ್ತು. ಮರ್ಸಿಡಿಸ್ ಕಾರು ಮಾಡುವ ಜರ್ಮನಿಯ ಡೈಮ್ಲರ್ ಜೊತೆ ಇದ್ದ ಕಾಲದಲ್ಲಿ ಮರ್ಸಿಡಿಸ್‌ನ ಕೆಲವು ಭಾಗಗಳನ್ನು ಬಳಸಿಕೊಂಡು ಎಲ್‌ಎಕ್ಸ್ ಅನ್ನುವ ಹೊಸ ತಳಹದಿ ಮಾಡಿದರು. ಮೊದಲು ಕ್ರೈಸ್ಲರ್ 300 ಮತ್ತು ಡಾಡ್ಜ್ ಮ್ಯಾಗ್ನಮ್ ಬಂದವು, ಆಮೇಲೆ ಚಾರ್ಜರ್. ಕೆನಡಾದ ಬ್ರಾಂಪ್ಟನ್ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದವು. ಸಾಮಾನ್ಯ ಜನ ಕೊಳ್ಳಬಹುದಾದ ಬೆಲೆಗೆ ರಿಯರ್ ವೀಲ್ ಡ್ರೈವ್ ವಾಪಸ್ ಬಂತು. ಬಾಗಿಲು ಎಷ್ಟು ಅನ್ನುವುದು ಅದರ ಮುಂದೆ ನನಗೆ ದೊಡ್ಡದಲ್ಲ.

ಕೊಂಡಾಗ ಕಾರಿನ ಮುಖ ಸುಸ್ತಾಗಿತ್ತು. ದೀಪಗಳು ಹಳದಿ ತಿರುಗಿದ್ದವು. ಗ್ರಿಲ್‌ನ ಅಡ್ಡ ಉದ್ದ ಪಟ್ಟಿಯ ಕ್ರೋಮ್ ಅಲ್ಲಲ್ಲಿ ಗುಳ್ಳೆ ಎದ್ದಿತ್ತು. ಹಳೇ ಮಾಲೀಕ ಕೆಳಗೊಂದು ಕಪ್ಪು ಪ್ಲಾಸ್ಟಿಕ್ ತುಟಿ ಅಂಟಿಸಿದ್ದ, ಅದು ಒಂದು ಕಡೆ ಜೋತಾಡುತ್ತಿತ್ತು. ನನಗೂ ಆಗ ಹುರುಪು. ಮುಂದಿನ ಚಕ್ರದ ಹಿಂದೆ, ಫೆಂಡರ್ (ಚಕ್ರದ ಸುತ್ತಲಿನ ಪಕ್ಕದ ತಗಡು) ಮೇಲೆ, ಗಾಳಿ ಕಿಂಡಿಯ ಹಾಗೆ ಕಾಣುವ ಎರಡು ಪ್ಲಾಸ್ಟಿಕ್ ತುಂಡು ತರಿಸಿ ಡಬಲ್ ಟೇಪ್‌ನಲ್ಲಿ ಅಂಟಿಸಿದೆ. ಹಿಂದಿನ ದೀಪಕ್ಕೆ ಹೊಗೆ ಬಣ್ಣದ ಫಿಲ್ಮ್ ಹಾಕಿದೆ. ಒಂದು ವಾರ ಖುಷಿಯಾಗಿದ್ದೆ.

ಪಕ್ಕದ ಮನೆಯ ಹಿರಿಯರು ಸ್ಟಾಂಪಿಂಗ್ ಕಾರ್ಖಾನೆಯಲ್ಲಿ ಜೀವಮಾನವಿಡೀ ದುಡಿದು ನಿವೃತ್ತರಾದವರು. ತಗಡನ್ನು ಅಚ್ಚಿಗೆ ಒತ್ತಿ ಬಾಗಿಲು, ಬಾನೆಟ್ ಮಾಡುವ ಕೆಲಸ. ಒಂದು ಸಂಜೆ ಬಂದು ಆ ಕಿಂಡಿಯನ್ನೇ ನೋಡುತ್ತಾ ನಿಂತರು. ಆಮೇಲೆ ನನ್ನ ಕೈ ಹಿಡಿದು ಚಕ್ರದ ಕಮಾನಿಗೂ ಮುಂದಿನ ಬಾಗಿಲಿನ ಅಂಚಿಗೂ ನಡುವೆ ಇಡಿಸಿದರು. ಹೆಚ್ಚುಕಮ್ಮಿ ಒಂದು ಗೇಣು. ಪಕ್ಕದಲ್ಲೇ ನಿಂತಿದ್ದ ನನ್ನ ಹೆಂಡತಿಯ ಕಾರಿನಲ್ಲಿ ಅದೇ ಜಾಗ ಅಳೆಯಲು ಹೇಳಿದರು. ಅಂಗೈ ಅಗಲ, ಅಷ್ಟೇ.

ಕಾರಣ ಸರಳ. ಫ್ರಂಟ್ ವೀಲ್ ಡ್ರೈವ್ ಕಾರಿನಲ್ಲಿ ಸಾಮಾನ್ಯವಾಗಿ ಎಂಜಿನ್ನು, ಗೇರ್‌ಬಾಕ್ಸು ಎರಡೂ ಅಡ್ಡಡ್ಡ ಕೂತಿರುತ್ತವೆ. ಹಾಗಾಗಿ ಚಕ್ರ ಹಿಂದಕ್ಕೆ, ಬಾಗಿಲಿನ ಹತ್ತಿರಕ್ಕೆ ಸರಿಯುತ್ತದೆ. ಮೂತಿ ಮುಂದಕ್ಕೆ ಚಾಚುತ್ತದೆ. ಚಾರ್ಜರ್‌ನಲ್ಲಿ ಎಂಜಿನ್ ಉದ್ದುದ್ದ ಕೂತು, ಗೇರ್‌ಬಾಕ್ಸ್ ಅದರ ಬೆನ್ನಿಗೆ ಇರುತ್ತದೆ. ಚಕ್ರ ಮುಂದಕ್ಕೆ ಹೋಗಬಹುದು. ಬಾನೆಟ್ ಉದ್ದ ಕಾಣುತ್ತದೆ, ಕಾರು ಹಿಂದಿನ ಕಾಲಿನ ಮೇಲೆ ಭಾರ ಹಾಕಿ ನಿಂತ ಹೋರಿಯ ಹಾಗೆ ಕಾಣುತ್ತದೆ. 120 ಇಂಚಿನ ವೀಲ್‌ಬೇಸ್, ಅಂದರೆ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ದೂರ, ಸುಮ್ನೆ ಬಂದದ್ದಲ್ಲ. ಆ ಒಂದು ಗೇಣು ಖಾಲಿ ತಗಡೇ ಈ ಕಾರಿನ ಚೆಂದ. ನಾನು ಅದರ ಮೇಲೆಯೇ ಪ್ಲಾಸ್ಟಿಕ್ ಅಂಟಿಸಿದ್ದೆ.

ಅವತ್ತು ರಾತ್ರಿಯೇ ಹೇರ್ ಡ್ರೈಯರ್ ತಂದು ಟೇಪ್ ಬಿಸಿ ಮಾಡಿ, ಮೀನು ಹಿಡಿಯುವ ನೈಲಾನ್ ದಾರವನ್ನು ಗರಗಸದ ಹಾಗೆ ಹಿಂದೆ ಮುಂದೆ ಎಳೆದು ಎರಡೂ ತುಂಡು ತೆಗೆದೆ. ಹೀಗೆ ತೆಗೆದರೆ ಬಣ್ಣಕ್ಕೆ ಗೀರು ಬೀಳುವುದಿಲ್ಲ. ಉಳಿದ ಅಂಟನ್ನು ಹೆಬ್ಬೆರಳಿನಿಂದ ಉಜ್ಜಿ ಉಂಡೆ ಮಾಡಿ ತೆಗೆಯಲು ಒಂದು ಗಂಟೆ ಬೇಕಾಯಿತು. ಹಿಂದಿನ ದೀಪದ ಫಿಲ್ಮನ್ನೂ ಕಿತ್ತೆ. ಹಿಮ ಬೀಳುವ ಸಂಜೆ ಬ್ರೇಕ್ ದೀಪ ಮಂಕಾಗಿರುವುದು ಚೆಂದವಲ್ಲ, ಅಪಾಯ.

ಹಾಗಾದರೆ ಏನನ್ನು ಬದಲಿಸಬೇಕು? ಅದಕ್ಕೂ ಆ ಹಿರಿಯರ ಹತ್ತಿರ ಉತ್ತರವಿತ್ತು. ಕಂಪನಿಗಳು ಮಾಡುವುದನ್ನೇ ನೋಡು ಅಂದರು. ತಗಡಿನ ಅಚ್ಚು ಬದಲಿಸುವುದು ತುಂಬಾ ದುಬಾರಿ. ಅದಕ್ಕೇ ವರ್ಷ ಕಳೆದಂತೆ ಮೊದಲು ಬದಲಾಗುವುದು ಬಂಪರ್, ಗ್ರಿಲ್, ದೀಪ, ಅಂದರೆ ಪ್ಲಾಸ್ಟಿಕ್. ತಗಡು ಮುಟ್ಟಿದ್ದಾರೆ ಅಂದರೆ ಕಂಪನಿ ಆ ಕಾರಿನ ಮೇಲೆ ಮನಸ್ಸಿಟ್ಟಿದೆ ಅಂತ ಲೆಕ್ಕ.

ಆ ಲೆಕ್ಕದಲ್ಲಿ 2011ರ ಚಾರ್ಜರ್ ನನಗೆ ತುಂಬಾ ಇಷ್ಟ. 2009ರಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತ್ತು. ಅಂಥ ಹೊತ್ತಿನಲ್ಲೂ ಬಾಗಿಲಿನ ತಗಡಿಗೆ ಹೊಸ ಅಚ್ಚು ಮಾಡಿಸಿದರು. 1968ರ ಕಾರಿನ ಆ ಒಳಗೀರು ಬಾಗಿಲಿನ ಮೇಲೆ ಮತ್ತೆ ಬಂತು. ಹಿಂದೆ ಈ ಕಡೆಯಿಂದ ಆ ಕಡೆಯವರೆಗೆ ಒಂದೇ ಉಂಗುರದ ಹಾಗೆ ಉರಿಯುವ ದೀಪ, ಅದರಲ್ಲಿ 164 ಎಲ್‌ಇಡಿ. ರಾತ್ರಿ ಹೆದ್ದಾರಿಯಲ್ಲಿ ಅರ್ಧ ಮೈಲಿ ದೂರದಿಂದಲೇ ಇದು ಚಾರ್ಜರ್ ಅಂತ ತಿಳಿಯುತ್ತದೆ. ಒಳಗಿನ ಗಟ್ಟಿ ಪ್ಲಾಸ್ಟಿಕ್ ಬಗ್ಗೆ ನಮ್ಮಂಥವರು ಬೈಯುತ್ತಿದ್ದೆವಲ್ಲ, ಅದನ್ನೂ ಸರಿ ಮಾಡಿದರು. ಎಂಜಿನ್ 3.6 ಲೀಟರ್ ಆಗಿ 292 ಅಶ್ವಶಕ್ತಿಗೆ ಏರಿತು.

2015ರ ಬದಲಾವಣೆ ಅಷ್ಟು ಹಿಡಿಸಲಿಲ್ಲ. ದೀಪ ಸಣ್ಣದಾಯಿತು, ಸುತ್ತ ಎಲ್‌ಇಡಿ ಅಂಚು ಬಂತು. ಗ್ರಿಲ್‌ನ ಅಡ್ಡ ಉದ್ದ ಪಟ್ಟಿ ಹೋಯಿತು. ಮುಖ ನುಣುಪಾಯಿತು ನಿಜ, ಆದರೆ ಕನ್ನಡಿಯಲ್ಲಿ ಹಿಂದಿನಿಂದ ಬರುತ್ತಿರುವುದು ಯಾರು ಅಂತ ಥಟ್ಟನೆ ಗುರುತು ಹತ್ತುವುದಿಲ್ಲ. ಎಲ್ಲ ಚಾರ್ಜರ್‌ಗೂ ಎಂಟು ಗೇರ್ ಬಂದದ್ದು, 707 ಅಶ್ವಶಕ್ತಿಯ ಹೆಲ್‌ಕ್ಯಾಟ್ ಅನ್ನುವ ಮಾದರಿ ಬಂದದ್ದು ದೊಡ್ಡ ಸುದ್ದಿ. ಗೆಳೆಯನೊಬ್ಬ 2015ರದ್ದೇ ಚೆಂದ ಅಂತ ಇವತ್ತಿಗೂ ವಾದಿಸುತ್ತಾನೆ. ಅವನ ಕಾರನ್ನು ಪಕ್ಕದಿಂದ ನೋಡಿದಾಗ ನಾನೂ ಒಪ್ಪುತ್ತೇನೆ, ಯಾಕೆಂದರೆ ಆ ಒಂದು ಗೇಣು ಅಲ್ಲೂ ಹಾಗೇ ಇದೆ.

ಆದ್ದರಿಂದ ನನ್ನ ಕಾರಿನಲ್ಲಿ ಮುಖಕ್ಕೆ ಮಾತ್ರ ಕೈ ಹಾಕಿದೆ, ಅದೂ ಹೊಸ ಮುಖ ತರದೆ. ಬಂಪರ್ ಬಿಚ್ಚಿದ್ದು ದೀಪ ಕೈಗೆ ಸಿಗಲಿ ಅಂತ. ಮೇಲೆ ಸಾಲಾಗಿ ಪ್ಲಾಸ್ಟಿಕ್ ಪಿನ್ನುಗಳು, ಚಕ್ರದ ಕಮಾನಿನ ಒಳಗೆ ಸ್ಕ್ರೂ, ಕೆಳಗೂ ಒಂದಷ್ಟು. ಹಿಮ ಕರಗಿಸಲು ರಸ್ತೆಗೆ ಸುರಿಯುವ ಉಪ್ಪನ್ನು ವರ್ಷಗಟ್ಟಲೆ ಕುಡಿದ ಪಿನ್ನುಗಳು ಮುರಿಯುತ್ತವೆ, ಹೊಸ ಪಿನ್ನಿನ ಪೊಟ್ಟಣ ಮುಂಚೆಯೇ ತಂದಿಟ್ಟುಕೊಳ್ಳಿ. ಬ್ಯಾಟರಿ ತಂತಿ ತೆಗೆಯಲು ಬಾನೆಟ್ ಎತ್ತಿ ಹುಡುಕಬೇಡಿ. ಈ ಕಾರಿನಲ್ಲಿ ಬ್ಯಾಟರಿ ಇರುವುದು ಡಿಕ್ಕಿಯಲ್ಲಿ.

ದೀಪದ ಹಳದಿ ಒಳಗಿನದಲ್ಲ. ದೀಪದ ಮುಚ್ಚಳ ಪಾಲಿಕಾರ್ಬೊನೇಟ್ ಅನ್ನುವ ಪ್ಲಾಸ್ಟಿಕ್, ಅದರ ಮೇಲಿನ ರಕ್ಷಣೆಯ ಪದರ ಬಿಸಿಲಿಗೆ ಸತ್ತಿರುತ್ತದೆ, ಅಷ್ಟೇ. ಸುತ್ತ ಟೇಪ್ ಹಚ್ಚಿ, 800 ನಂಬರಿನ ನೀರು ಕಾಗದದಿಂದ (ನೀರು ಹಾಕಿ ಉಜ್ಜುವ ಮರಳು ಕಾಗದ, ನಂಬರ್ ಹೆಚ್ಚಾದಷ್ಟೂ ನುಣುಪು) ಶುರು ಮಾಡಿದೆ. ಮೊದಲು ಇಳಿಯುವ ನೀರು ಅರಿಶಿನ ಕಲಸಿದ ಹಾಗಿರುತ್ತದೆ. ಅದು ಹಾಲಿನ ಬಣ್ಣಕ್ಕೆ ತಿರುಗುವ ತನಕ ಉಜ್ಜಬೇಕು. ಆಗ ದೀಪದ ಮುಚ್ಚಳ ಪೂರ್ತಿ ಮಂಜಾಗಿ, ಕೆಟ್ಟೇ ಹೋಯಿತು ಅನ್ನಿಸುತ್ತದೆ. ನಿಲ್ಲಿಸಬಾರದು. 1500, ಆಮೇಲೆ 3000, ಪ್ರತಿ ಸಲ ಹಿಂದಿನ ಗೀರಿಗೆ ಅಡ್ಡಲಾಗಿ. ಕೊನೆಗೆ ಪಾಲಿಶ್, ಅದರ ಮೇಲೆ ಯುವಿ ತಡೆಯುವ ಕ್ಲಿಯರ್ ಕೋಟ್. ಎಷ್ಟೋ ಜನ ಪಾಲಿಶ್‌ಗೇ ನಿಲ್ಲಿಸುತ್ತಾರೆ. ರಕ್ಷಣೆಯ ಪದರ ಇಲ್ಲದ ಮೇಲೆ ಹಳದಿ ಬೇಗ ವಾಪಸ್ ಬರದೆ ಇನ್ನೇನು? ಎರಡು ದೀಪಕ್ಕೆ ಒಂದು ಶನಿವಾರ ಪೂರ್ತಿ ಹೋಯಿತು. ಈ ಕಾರಿಗೆ ನಾನು ಮಾಡಿದ ಕೆಲಸದಲ್ಲಿ ಇದಕ್ಕೆ ಸಮನಾದದ್ದು ಬೇರೆ ಇಲ್ಲ.

ಗ್ರಿಲ್‌ನ ಗುಳ್ಳೆ ಎದ್ದ ಕ್ರೋಮ್ ಮೇಲೆ ನೇರವಾಗಿ ಬಣ್ಣ ನಿಲ್ಲುವುದಿಲ್ಲ. ಸಡಿಲವಾದದ್ದನ್ನು ಕೆರೆದು, ಉಜ್ಜಿ ಒರಟು ಮಾಡಿ, ಹಿಡಿತದ ಪ್ರೈಮರ್ ಹೊಡೆದು, ಆಮೇಲೆ ಅರೆ ಹೊಳಪಿನ ಕಪ್ಪು. ಪಟ್ಟಿಯ ಆಕಾರ ಮುಟ್ಟಲಿಲ್ಲ. ಜೋತಾಡುತ್ತಿದ್ದ ತುಟಿ ಕಿತ್ತು ಎಸೆದೆ.

ಚಕ್ರದಲ್ಲಿ ಮಾತ್ರ ಪೆಟ್ಟು ತಿಂದೆ. 20 ಇಂಚಿನ ಚಕ್ರ ಹಾಕಬೇಕು ಅನ್ನಿಸಿತ್ತು. ಒಂದು ಅಂಗಡಿಯವರು ಇದು ಕೂರುತ್ತದೆ ಅಂತ ಕೊಟ್ಟರು. ಮನೆಗೆ ತಂದು ಹಿಂಬದಿಯ ಅಚ್ಚು ಓದಿದರೆ 5×114.3 ಅಂತಿದೆ. ಚಾರ್ಜರ್‌ಗೆ ಬೇಕಾದದ್ದು 5×115. ಬೋಲ್ಟುಗಳು ನಿಂತಿರುವ ವೃತ್ತದ ಅಳತೆ ಅದು, ಮಿಲಿಮೀಟರ್‌ನಲ್ಲಿ. 0.7 ಮಿಲಿಮೀಟರ್ ತಾನೇ ಅಂತ ಎಳೆದು ಬಿಗಿದರೆ ಚಕ್ರ ಕೂತ ಹಾಗೆಯೇ ಕಾಣುತ್ತದೆ. ಆದರೆ ನಟ್ಟುಗಳು ತಮ್ಮ ಗುಳಿಯಲ್ಲಿ ನೆಟ್ಟಗೆ ಕೂರುವುದಿಲ್ಲ, ಓಡುತ್ತಾ ಓಡುತ್ತಾ ಸಡಿಲವಾಗಬಹುದು. ವಾಪಸ್ ಮಾಡಲು ಮೂರು ಸಲ ಅಲೆದೆ, ಸ್ವಲ್ಪ ದುಡ್ಡು ಮುರಿದುಕೊಂಡರು. ಕೊನೆಗೆ ಹಳೇ ಚಾರ್ಜರ್‌ನಿಂದ ಬಿಚ್ಚಿದ ಕಂಪನಿಯ 20 ಇಂಚಿನ ಚಕ್ರಗಳೇ ಸಿಕ್ಕವು. ಅದಕ್ಕೆ 245/45 ಟೈರ್. ನನ್ನ 18 ಇಂಚಿಗೆ ಇದ್ದದ್ದು 225/60. ಮೊದಲ ಅಂಕಿ ಟೈರಿನ ಅಗಲ, ಮಿಲಿಮೀಟರ್‌ನಲ್ಲಿ; ಎರಡನೆಯದು ಟೈರಿನ ಗೋಡೆಯ ಎತ್ತರ, ಆ ಅಗಲದ ಶೇಕಡಾ ಲೆಕ್ಕದಲ್ಲಿ. ಲೆಕ್ಕ ಹಾಕಿ ನೋಡಿ, ಎರಡರ ಒಟ್ಟು ಎತ್ತರದಲ್ಲಿ ಒಂದೂವರೆ ಮಿಲಿಮೀಟರ್ ಕೂಡ ವ್ಯತ್ಯಾಸವಿಲ್ಲ, ಸ್ಪೀಡೋಮೀಟರ್ ಸುಳ್ಳು ಹೇಳುವುದಿಲ್ಲ. ಆದರೆ ಟೈರಿನ ಗೋಡೆ 135 ಮಿಲಿಮೀಟರ್‌ನಿಂದ 110ಕ್ಕೆ ಇಳಿಯುತ್ತದೆ. ಇಲ್ಲಿನ ಚಳಿಗಾಲದ ಗುಂಡಿಗಳಿಗೆ ಅದು ಸಾಲದು. ಹಾಗಾಗಿ ಬೇಸಿಗೆಗೆ 20, ನವೆಂಬರ್ ಬಂದರೆ ಮತ್ತೆ 18.

ಪ್ರತಿ ವರ್ಷ ಆಗಸ್ಟ್‌ನ ಮೂರನೇ ಶನಿವಾರ ಡೆಟ್ರಾಯಿಟ್ ಹೊರವಲಯದ ವುಡ್‌ವರ್ಡ್ ಅವೆನ್ಯೂದಲ್ಲಿ ಹಳೇ ಕಾರುಗಳ ಮೆರವಣಿಗೆ ಇರುತ್ತದೆ. ನಮ್ಮೂರ ತೇರಿನಷ್ಟೇ ಜನ. ಕಳೆದ ಸಲ ಒಂದು ಪೆಟ್ರೋಲ್ ಬಂಕಿನಲ್ಲಿ 1969ರ ಚಾರ್ಜರ್ ಪಕ್ಕದಲ್ಲಿ ನನ್ನದನ್ನು ನಿಲ್ಲಿಸುವ ಅವಕಾಶ ಸಿಕ್ಕಿತು. ಅದರ ಮಾಲೀಕರ ಅನುಮತಿ ಕೇಳಿ, ಚಕ್ರದ ಕಮಾನಿಗೂ ಬಾಗಿಲಿಗೂ ನಡುವೆ ತಗಡಿಗೆ ತಾಗದ ಹಾಗೆ ಕೈ ಚಾಚಿ ಅಳೆದೆ. ಅವರು ಏನೂ ಕೇಳಲಿಲ್ಲ. ನನ್ನ ಕಾರಿನ ಹತ್ತಿರ ಬಂದು, ಅದೇ ಜಾಗದಲ್ಲಿ ತಮ್ಮ ಕೈ ಚಾಚಿ ನೋಡಿದರು.

2023ರ ಡಿಸೆಂಬರ್‌ನಲ್ಲಿ ಬ್ರಾಂಪ್ಟನ್‌ನಲ್ಲಿ ಚಾರ್ಜರ್ ತಯಾರಿ ನಿಂತಿತು. ನನ್ನ ಕಾರಿನ ಹಿಂದಿನ ಕಮಾನಿನ ಅಂಚಿನಲ್ಲಿ ಈಗ ತುಕ್ಕು ಕಾಣುತ್ತಿದೆ, ಉಪ್ಪಿನ ಕೆಲಸ. ಈ ಬೇಸಿಗೆಯಲ್ಲಿ ಅಷ್ಟು ತಗಡು ಕತ್ತರಿಸಿ ಹೊಸದು ಬೆಸೆಯಬೇಕು. ಪಕ್ಕದ ಮನೆಯ ಹಿರಿಯರು ಬಾಗಿಸುವುದನ್ನು ತಾವೇ ತೋರಿಸಿಕೊಡುತ್ತೇನೆ ಅಂದಿದ್ದಾರೆ.